ಹಿಂದಿನ ಗೋಡೆಯ ಎತ್ತರ

ಮನೆಯ ಎತ್ತರ ಅಳೆಯುವುದರಲ್ಲಿ ಏನು ಮಹಾ ಇದೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಓವರ್ಸಿಯರುಗಳು ನನ್ನನ್ನು ಕೇಳುತ್ತಿದ್ದರು. ಮಾಳಿಗೆಯ ಮೇಲೆ ಒಬ್ಬ, ಕೆಳಗೆ ಒಬ್ಬ, ನಡುವೆ ಒಂದು ಟೇಪು. ಅಂಕಿ ಓದಲು ಬರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ. ನಾನೂ ಸೇರಿದಾಗ ಹಾಗೇ ಅಂದುಕೊಂಡಿದ್ದೆ. ಹೋದ ವರ್ಷ ನಿವೃತ್ತನಾದೆ. ಕಚೇರಿಯವರು ಹಾರ ಹಾಕಿ, "ರಾಯರ ಅಳತೆ ಪುಸ್ತಕದಲ್ಲಿ ಒಂದು ಅಂಗುಲದ ತಪ್ಪೂ ಇರುತ್ತಿರಲಿಲ್ಲ" ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಬಡ್ತಿ, ವರ್ಗಗಳಿಂದ ಯಾರಿಗೂ ಉಪಯೋಗವಿಲ್ಲ, ಅವನ್ನು ಬಿಟ್ಟುಬಿಡುತ್ತೇನೆ. ಆ ನಾಚಿಕೆಯಿಂದ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಎತ್ತರಕ್ಕೆ ಎರಡು ತುದಿ. ಮೇಲಿನ ತುದಿ ದಾರಿಹೋಕನಿಗೂ ಕಾಣುತ್ತದೆ. ತಂಟೆಯೆಲ್ಲ ಇರುವುದು ಕೆಳಗಿನ ತುದಿಯಲ್ಲಿ. ಯಾವ ನೆಲದಿಂದ ಅಳೆಯಬೇಕು? ರಸ್ತೆಯಿಂದಲೋ, ಅಂಗಳದಿಂದಲೋ, ಹಿತ್ತಲಿಂದಲೋ? ಜಯನಗರ ಆಗಿನ್ನೂ ಏಳುತ್ತಿತ್ತು. ರಾಗಿ ಹೊಲದ ಬದುಗಳ ಮೇಲೆಯೇ ಸೈಟಿನ ಕಲ್ಲು ನೆಟ್ಟಿದ್ದರು. ಯಡಿಯೂರು ಕೆರೆಯ ಕಡೆಗೆ ನೆಲ ಇಳಿಜಾರು. ಹಾಗಾಗಿ ಒಂದೇ ಮನೆ ಮುಂದಿನಿಂದ ಕುಳ್ಳಗೆ, ಹಿಂದಿನಿಂದ ಎತ್ತರಕ್ಕೆ ಇರುತ್ತಿತ್ತು. ನಾಲ್ಕು ಮೂಲೆಯಲ್ಲೂ ಗೋಡೆ ತಾಗಿದ ನೆಲದಿಂದ ಮಾಳಿಗೆಯ ಕೈಪಿಡಿ ಗೋಡೆಯ ತಲೆಯವರೆಗೆ ಅಳೆದು, ಅದರಲ್ಲಿ ದೊಡ್ಡದು ಯಾವುದೋ ಅದೇ ಮನೆಯ ಎತ್ತರವೆಂದು ಬರೆಯುವುದು ನಮ್ಮ ಕಚೇರಿಯ ಕಟ್ಟಳೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಆಗಿನ ಗೋಡೆಗಳಲ್ಲಿ ಬಹಳಷ್ಟು ಒಂಬತ್ತು ಅಂಗುಲದವು. ಹೊರಗೆ ಸುಣ್ಣದ ಗಾರೆ ಬಳಿದು ಲಕ್ಷಣವಾಗಿ ಕಂಡರೂ ಒಳಗೆ ಇಟ್ಟಿಗೆ ಕೂರುತ್ತಿದ್ದದ್ದು ಕಲಸಿದ ಮಣ್ಣಿನ ಮೇಲೆ. ಅಂಥ ಗೋಡೆ ಹದಿನಾಲ್ಕು ಅಡಿ ದಾಟಿದರೆ ಅಡಿಯಲ್ಲಿ ದಪ್ಪ ಮಾಡಿ ಸುಣ್ಣದಲ್ಲೇ ಕಟ್ಟಬೇಕಿತ್ತು. ಇಲ್ಲದಿದ್ದರೆ ನಾವು ಸರ್ಟಿಫಿಕೇಟು ಕೊಡುವಂತಿರಲಿಲ್ಲ. ಸರ್ಟಿಫಿಕೇಟಿಲ್ಲದೆ ನಲ್ಲಿ ಬರುತ್ತಿರಲಿಲ್ಲ. ನಲ್ಲಿಯಿಲ್ಲದೆ ಸಂಸಾರ ಹೂಡುವುದು ಹೇಗೆ? ಹಾಗಾಗಿ ಮನೆ ಕಟ್ಟಿದವರೆಲ್ಲ ನಮ್ಮನ್ನು ಅಳಿಯಂದಿರನ್ನು ಕಂಡ ಹಾಗೆ ಕಾಣುತ್ತಿದ್ದರು.

ಕೆಲವರು ನಾಟಕವನ್ನೂ ಆಡುತ್ತಿದ್ದರು. ಒಬ್ಬ ವಕೀಲರು ನಾನು ಬರುವ ಹಿಂದಿನ ದಿನ ಮನೆಯ ಸುತ್ತ ಎರಡು ಅಡಿ ಮಣ್ಣು ತುಂಬಿಸಿ, ಅದರ ಮೇಲೆ ಕನಕಾಂಬರದ ಗಿಡ ನೆಡಿಸಿದ್ದರು. ಬಿಸಿಲಿಗೆ ಗಿಡಗಳೆಲ್ಲ ಸೊಪ್ಪಾಗಿ ಮಲಗಿದ್ದವು. ನಾನು ಕೊಡೆಯ ತುದಿಯನ್ನು ನೆಲಕ್ಕೊತ್ತಿದೆ. ಹಿಡಿಯವರೆಗೆ ಇಳಿಯಿತು. "ತೋಟ ಚೆನ್ನಾಗಿದೆ ಸಾರ್, ಬೇರು ಯಾವಾಗ ಬಿಡುತ್ತೆ?" ಎಂದೆ. ವಕೀಲರು ನಕ್ಕುಬಿಟ್ಟರು. ಈ ಕಥೆಯನ್ನು ನಾನು ಎಷ್ಟೋ ವರ್ಷ ಮೀಸೆ ತಿರುವಿ ಹೇಳಿದ್ದೇನೆ. ನೆಲ ಹೇಗೆ ಮೋಸ ಮಾಡುತ್ತದೆಂದು ನನಗೆ ಚೆನ್ನಾಗಿ ತಿಳಿದಿತ್ತು ಎಂದು ಗೊತ್ತಾಗಲೆಂದೇ ಇಲ್ಲಿ ಬರೆದೆ.

ಟೇಪಿನದೂ ಒಂದು ಕಥೆಯಿದೆ. ಆಗ ನಮಗೆ ಕೊಡುತ್ತಿದ್ದದ್ದು ಮೇಣ ಹಚ್ಚಿದ ಬಟ್ಟೆಯ ಟೇಪು, ತುದಿಯಲ್ಲಿ ಹಿತ್ತಾಳೆ ಉಂಗುರ. ನನ್ನ ಟೇಪಿನ ಉಂಗುರ ಕಿತ್ತುಹೋಗಿ ಮೊದಲ ಅರ್ಧ ಅಡಿ ಹರಿದಿತ್ತು. ಹೊಸದು ಕೇಳಿದರೆ ಅರ್ಜಿ ಬರಿ, ಕಾಯಿ ಎನ್ನುತ್ತಾರೆಂದು ಓದಿದ್ದರಲ್ಲಿ ಅರ್ಧ ಅಡಿ ಕಳೆದುಕೊಂಡರಾಯಿತು ಅಂದುಕೊಂಡೆ. ಒಂದು ಇಡೀ ಸಾಲಿಗೆ ಕಳೆಯುವುದನ್ನೇ ಮರೆತೆ. ಹನ್ನೊಂದು ಮನೆ ಇದ್ದದ್ದಕ್ಕಿಂತ ಅರ್ಧ ಅಡಿ ಎತ್ತರವಾದವು. ಒಬ್ಬ ಬಡಪಾಯಿ ಮೇಷ್ಟರು ನನ್ನ ಮಾತು ಕೇಳಿ ಮಾಳಿಗೆಯ ಗೋಡೆಯಿಂದ ಎರಡು ವರಸೆ ಇಟ್ಟಿಗೆ ಒಡೆಸಿಬಿಟ್ಟಿದ್ದರು.

ನಮ್ಮ ಇಂಜಿನಿಯರ್ ಸಾಹೇಬರಿಗೆ ಅದು ತಿಳಿಯಿತು. ಅವರು ಕೂಗಾಡುವ ಜನವಲ್ಲ. "ರಾಯರೇ, ನಡೀರಿ" ಎಂದು ತಾವೇ ಜೊತೆಗೆ ಬಂದು, ಹನ್ನೊಂದು ಮನೆಯ ಬಾಗಿಲಲ್ಲೂ ನನ್ನ ಬಾಯಿಂದ "ನನ್ನಿಂದ ತಪ್ಪಾಯಿತು" ಎಂದು ಹೇಳಿಸಿದರು. ಮೇಷ್ಟರ ಮನೆಯಲ್ಲಿ ತಾವೂ ಕೈಮುಗಿದರು. ವಾಪಸು ಬರುವಾಗ, "ತಪ್ಪು ಎಲ್ಲರೂ ಮಾಡ್ತಾರೆ. ಅಳೀದೇ ಇರೋದನ್ನ ಮಾತ್ರ ಬರೀಬೇಡಿ" ಎಂದರು. ಆಮೇಲೆ ಎಷ್ಟೋ ವರ್ಷ ನಾನು ಅಂಗುಲ ಅಂಗುಲಕ್ಕೂ ಜಾಗ್ರತೆಯಾಗಿದ್ದೆ. ಸಾಹೇಬರು ನನ್ನ ಪುಸ್ತಕವನ್ನು ಬೇರೆಯವರಿಗೆ ತೋರಿಸಿ, ಹೀಗಿರಬೇಕು ಎನ್ನುತ್ತಿದ್ದರು. ನನ್ನನ್ನು ಕೆಡಿಸಿದ್ದೂ ಆ ಹೊಗಳಿಕೆಯೇ ಇರಬೇಕು.

ಇನ್ನು ಶಾಮಣ್ಣನವರ ಮನೆ.

ಶಾಮಣ್ಣನವರು ಬಸವನಗುಡಿಯ ಹಳೆಯ ಕುಟುಂಬದವರು. ನೌಕರಿ ಮುಗಿಸಿ ಜಯನಗರದ ಅಂಚಿನಲ್ಲಿ ಮನೆ ಕಟ್ಟಿಸಿದ್ದರು. ಮನೆಯ ಹಿಂದೆ ತಗ್ಗಿನಲ್ಲಿ ಕೆಂಪಮ್ಮನವರ ಹೊಲ ಮತ್ತು ದನದ ಕೊಟ್ಟಿಗೆ. ಬಡಾವಣೆಗೆಂದು ಅವರ ಜಮೀನನ್ನೆಲ್ಲ ತೆಗೆದುಕೊಂಡ ಮೇಲೆ ಉಳಿದಿದ್ದ ತುಂಡು ಅದು. ಮನೆ ಕಟ್ಟಿದ್ದು ಪೆರುಮಾಳ್ ಮೇಸ್ತ್ರಿ. ಸುದ್ದಗುಂಟೆಪಾಳ್ಯದಲ್ಲಿ ಮನೆ, ಕೈಕೆಲಸ ಚೊಕ್ಕ, ಮಾತು ಕಡಿಮೆ. ಆಗ ನಾನು ಅವರನ್ನು ಅವನು, ಇವನು ಎನ್ನುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಒಂದು ವಾರ ಮೊದಲೇ ನಾನು ಅಳೆಯಲು ಹೋಗಬೇಕಿತ್ತು. ಬೇರೆ ಕೆಲಸಗಳಲ್ಲಿ ತಡವಾಗಿ ಗೃಹಪ್ರವೇಶದ ದಿನವೇ ಹೋಗುವಂತಾಯಿತು. ಬೆಳಗ್ಗೆ ಹತ್ತು ಗಂಟೆ. ಹೋಮ ಮುಗಿದಿತ್ತು. ತೋರಣ, ರಂಗೋಲಿ, ಹಿತ್ತಲಿನಿಂದ ಬೆಲ್ಲ ಏಲಕ್ಕಿಯ ಘಮ. ಪೆರುಮಾಳ್ ಮೇಸ್ತ್ರಿಯವರಿಗೆ ಪದ್ಧತಿಯಂತೆ ಹೊಸ ಪಂಚೆ ಕೊಟ್ಟು ಪೇಟ ಸುತ್ತಿದ್ದರು. ಟೇಪು ಹಿಡಿಯುವ ನಮ್ಮ ಜವಾನ ಅಂದು ರಜ. ಮೇಸ್ತ್ರಿಯವರೇ ಮಾಳಿಗೆ ಹತ್ತಿ ತುದಿ ಹಿಡಿದರು. ಮುಂದಿನ ಎರಡು ಮೂಲೆ ಅಳೆದೆ. ಹನ್ನೆರಡೂವರೆ ಅಡಿ. ಕಟ್ಟಳೆಯೊಳಗೇ ಇತ್ತು.

ಹಿತ್ತಲ ಕಡೆ ಹೊರಟಾಗ ಶಾಮಣ್ಣನವರು ಅಡ್ಡ ಬಂದರು.

"ರಾಯರೇ, ಹಿಂದೆ ನಮ್ಮಮ್ಮ ಮಡೀಲಿದಾರೆ, ಹೂರಣ ರುಬ್ಬಿಸ್ತಿದಾರೆ. ನೀವು ಆಚೆಯಿಂದ ಬಂದೋರು. ಅಲ್ಲಿ ಕಾಲಿಟ್ರೆ ಅಡುಗೆಯೆಲ್ಲ ಮತ್ತೆ ಮೊದಲಿಂದ ಮಾಡ್ಬೇಕಾಗುತ್ತೆ. ಮಾಳಿಗೆ ಒಂದೇ ಮಟ್ಟ ಇದೆಯಲ್ಲ, ಮುಂದೆ ಅಳೆದದ್ದೇ ಸಾಲದಾ?"

ನಮ್ಮ ಮನೆಯಲ್ಲೂ ಮಡಿಯಲ್ಲಿದ್ದ ಅಜ್ಜಿಯ ಬೈಗುಳ ತಿಂದೇ ಬೆಳೆದವನು ನಾನು. ಎಂಬತ್ತು ವರ್ಷದ ಹೆಂಗಸು ಶುಭದ ದಿನ ಮತ್ತೆ ಸ್ನಾನ ಮಾಡಿ, ನೂರು ಎಲೆಯ ಅಡುಗೆಯನ್ನು ಚೆಲ್ಲುವಂತೆ ಮಾಡುವ ಧೈರ್ಯ ನನಗಿರಲಿಲ್ಲ. ಸರಿ ಎಂದು ಪುಸ್ತಕ ತೆರೆದೆ. ಅಷ್ಟರಲ್ಲಿ ಪೆರುಮಾಳ್ ಕೆಳಗಿಳಿದು ಬಂದು ಗೇಟಿನ ಹತ್ತಿರ ನನ್ನನ್ನು ಕರೆದರು. ದನಿ ತಗ್ಗಿಸಿದ್ದರು.

"ಸಾರ್, ಹಿಂದ್ಗಡೆ ಒಂದ್ಸಲ ಟೇಪು ಬಿಟ್ಟು ನೋಡಿ ಸಾರ್."

"ಯಾಕಯ್ಯಾ?"

"ಅಲ್ಲಿ ನೆಲ ಬಹಳ ಇಳಿದೈತೆ. ಅಡೀಲಿ ದಪ್ಪ ಮಾಡ್ಬೇಕು, ಸುಣ್ಣದಲ್ಲಿ ಕಟ್ಬೇಕು ಅಂತ ನಾನ್ ಹೇಳ್ದೆ. ಓವರ್ಸಿಯರ್ ಹೇಳಿದ್ರೆ ಮಾಡ್ಸೋಣ ಅಂದವ್ರೆ ಯಜಮಾನ್ರು. ನೀವು ಒಂದು ಮಾತು ಬರೆದ್ರೆ ಸಾಕು ಸಾರ್, ಈಗ್ಲೂ ಆನೆಕಟ್ಟು ಕೊಟ್ಟು ಸರಿ ಮಾಡ್ತೀನಿ."

ಗೋಡೆಗೆ ಹೊರಗಿನಿಂದ ಒತ್ತಾಗಿ ಕಟ್ಟುವ ಇಳಿಜಾರು ಕಟ್ಟಡಕ್ಕೆ ಅವರು ಆನೆಕಟ್ಟು ಎನ್ನುತ್ತಿದ್ದರು.

"ಮಡೀಲಿದಾರಂತೆ ಕಣಯ್ಯ, ನುಗ್ಗೋಕಾಗುತ್ತಾ?"

"ಮನೆ ಒಳಗಿಂದ ಬ್ಯಾಡ ಸಾರ್. ಕೆಂಪಮ್ಮನ ಹೊಲದ ಕಡೆಯಿಂದ ಸುತ್ಕೊಂಡು ಬನ್ನಿ. ಮೇಲಿಂದ ನಾನ್ ಹಿಡೀತೀನಿ."

ನಾನು ಹೊಲದ ಕಡೆ ನೋಡಿದೆ. ಹಿಂದಿನ ದಿನದ ಮಳೆಗೆ ಕೆಸರು ಮೊಣಕಾಲುದ್ದ ಇತ್ತು. ನನ್ನ ಕಾಲಲ್ಲಿ ಅಂದೇ ಬೆಳಗ್ಗೆ ಬಿಳಿ ಬಳಿದ ಕ್ಯಾನ್ವಾಸ್ ಬೂಟು. ಹೆಚ್ಚೆಂದರೆ ಅರವತ್ತು ಹೆಜ್ಜೆ ಸುತ್ತಬೇಕಿತ್ತು. ಮಡಿಯ ನೆಪವನ್ನು ಯಾರ ಮುಂದೆಯಾದರೂ ಹೇಳಬಹುದು. ಈ ಬೂಟಿನ ವಿಷಯವನ್ನು ಇಲ್ಲಿಯವರೆಗೆ ಒಬ್ಬರಿಗೆ ಬಿಟ್ಟರೆ ಹೆಂಡತಿಗೂ ಹೇಳಿರಲಿಲ್ಲ.

"ಇನ್ನೊಂದು ದಿನ ಬಂದು ನೋಡ್ತೀನಿ ಬಿಡು" ಎಂದೆ. ಪುಸ್ತಕದಲ್ಲಿ ನಾಲ್ಕು ಮೂಲೆಗೂ ಹನ್ನೆರಡೂವರೆ ಅಡಿ ಎಂದು ಬರೆದು ಸಹಿ ಹಾಕಿದೆ. ಮೊದಲನೇ ಪಂಕ್ತಿಯಲ್ಲೇ ಕೂತು ಮೂರು ಹೋಳಿಗೆ ತಿಂದೆ. ತುಪ್ಪ ಸಾಕು ಎಂದರೂ ಬಡಿಸಿದರು. ಇನ್ನೊಂದು ದಿನ ಎಂದದ್ದು ಬರಲೇ ಇಲ್ಲ.

ಮರುವರ್ಷದ ಮಳೆಗಾಲದಲ್ಲಿ ಮೂರು ದಿನ ಬಿಡದೆ ಜಡಿಯಿತು. ನಾಲ್ಕನೇ ದಿನ ಬೆಳಗ್ಗೆ ಶಾಮಣ್ಣನವರ ಹಿಂದಿನ ಗೋಡೆ ಉಬ್ಬಿ, ಕೆಳಗಿನ ಕೊಟ್ಟಿಗೆಯ ಮೇಲೆ ಬಿತ್ತು. ಕೆಂಪಮ್ಮ ಹಾಲು ಕರೆಯುತ್ತಿದ್ದರು. ಹಸು ಅಲ್ಲೇ ಸತ್ತಿತು. ಕೆಂಪಮ್ಮನ ಬಲಗಾಲಿನ ಮೇಲೆ ಕಲ್ಲು ಇಟ್ಟಿಗೆ ಒಟ್ಟಿಗೇ ಬಿದ್ದಿದ್ದವು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಕಾಲು ತೆಗೆಯಬೇಕಾಯಿತು. ಜಯನಗರದಲ್ಲಿ ಮನೆ ಬಿತ್ತಂತೆ ಎಂದು ಕಚೇರಿಯಲ್ಲಿ ಯಾರೋ ಹೇಳಿದಾಗ, ಯಾವ ಮನೆಯೆಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಇಂಜಿನಿಯರ್ ಸಾಹೇಬರು ತಾವೇ ಕೆಸರಿಗಿಳಿದು, ಬೀಳದೆ ಉಳಿದಿದ್ದ ಮೂಲೆಯನ್ನು ಅಳೆದರು. ಹದಿನೆಂಟು ಅಡಿ ಮೂರು ಅಂಗುಲ. ನನ್ನ ಪುಸ್ತಕದಲ್ಲಿ ಹನ್ನೆರಡೂವರೆ. ಹೆಚ್ಚುಕಡಿಮೆ ಆರು ಅಡಿ ನೆಲ ಎಲ್ಲಿ ಹೋಯಿತು? ಎರಡು ದಿನದ ಮೇಲೆ ಶಾಮಣ್ಣನವರನ್ನೂ ಪೆರುಮಾಳ್ ಮೇಸ್ತ್ರಿಯವರನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು.

ಶಾಮಣ್ಣನವರು ಹೇಳಿದರು: "ಈ ಮೇಸ್ತ್ರಿ ಬೇರೆ ಮನೆ ಕೆಲಸಕ್ಕೆ ಆ ಕಡೆಯಿಂದ ಗಾಡೀಲಿ ಮಣ್ಣು ಹೊಡೆಸ್ತಿದ್ದ ಸ್ವಾಮಿ. ನಾನೇ ನೋಡಿದೀನಿ."

ಅದರಲ್ಲಿ ಒಂದು ಕಾಳಿನಷ್ಟು ನಿಜವಿತ್ತು. ಗೋಡೆ ಕಟ್ಟಲು ಬೇಕಾದ ಮಣ್ಣಿಗಾಗಿ, ಕೆಂಪಮ್ಮನವರ ಒಪ್ಪಿಗೆ ಕೇಳಿಯೇ ಹೊಲದ ಆಚೆ ತುದಿಯಿಂದ ಪೆರುಮಾಳ್ ನಾಲ್ಕು ಗಾಡಿ ತೆಗೆಸಿದ್ದರು. ಗೋಡೆಯ ಬುಡವನ್ನು ಅವರು ಮುಟ್ಟಿರಲಿಲ್ಲ.

"ನಾನು ಅಲ್ಲಿ ಮಣ್ಣು ತೆಗ್ದಿಲ್ಲ ಸಾರ್" ಎಂದರು ಪೆರುಮಾಳ್.

ಸಾಹೇಬರು ನನ್ನ ಕಡೆ ತಿರುಗಿದರು. "ರಾಯರೇ, ನಾಲ್ಕು ಮೂಲೇನೂ ನೀವೇ ಅಳೆದಿರಾ?"

ಪೆರುಮಾಳ್ ನನ್ನನ್ನೇ ನೋಡುತ್ತಿದ್ದರು. ಅವತ್ತು ಗೇಟಿನ ಹತ್ತಿರ ಆಡಿದ ಮಾತನ್ನು ನಾನೇ ಹೇಳುತ್ತೇನೆಂದು ಅವರು ಕಾದಿದ್ದರು. ಅದರಲ್ಲಿ ಅವರಿಗೆ ಅನುಮಾನವೇ ಇದ್ದಂತೆ ಕಾಣಲಿಲ್ಲ.

"ಪುಸ್ತಕದಲ್ಲಿ ಇದೆಯಲ್ಲ ಸಾರ್" ಎಂದೆ.

ಹೌದು ಎನ್ನಲಿಲ್ಲ, ಆದ್ದರಿಂದ ನಾನು ಸುಳ್ಳು ಹೇಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಥೂ, ಎಂಥ ಸಮಾಧಾನ ಅದು. ಸಾಹೇಬರು ಪುಸ್ತಕ ಮುಚ್ಚಿ, "ಇವರ ಪುಸ್ತಕ ನಾನು ಬಲ್ಲೆ. ನೆಲ ಆಮೇಲೆ ತೆಗೆದದ್ದು" ಎಂದರು. ಯಾರಿಗೂ ಮೋಸ ಮಾಡುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ನನ್ನ ಮೇಲೆ ನಂಬಿಕೆಯಿಟ್ಟದ್ದೇ ಅವರು ಮಾಡಿದ ತಪ್ಪು.

ಪೆರುಮಾಳ್ ಸಾಹೇಬರಿಗೆ ಕೈಮುಗಿದು ಹೊರಗೆ ಹೋದರು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಕೆಂಪಮ್ಮನವರ ಹೇಳಿಕೆ ಬರೆದುಕೊಂಡು ಬರಲು ಸಾಹೇಬರು ನನ್ನನ್ನೇ ಆಸ್ಪತ್ರೆಗೆ ಕಳಿಸಿದರು. ಆಕೆ ಕಂಬಳಿ ಹೊದ್ದು ಮಲಗಿದ್ದರು. ನಾನು ಯಾರೆಂದು ಗೊತ್ತಿರಲಿಲ್ಲ. ದೊಡ್ಡ ಕಚೇರಿಯವರು ನೋಡಲು ಬಂದರೆಂದು ಕೈಮುಗಿದರು. ಗೋಡೆ ಬಿದ್ದ ಹೊತ್ತು, ತಾನು ಕೂತಿದ್ದ ಜಾಗ ಎಲ್ಲ ಹೇಳಿದರು. ಮಣ್ಣು ಯಾರಾದರೂ ತೆಗೆದರೇ ಎಂದು ಕೇಳಲೇಬೇಕಾಗಿತ್ತು, ಕೇಳಿದೆ.

"ಎಲ್ಲಿ ತೆಗೀತಾರೆ ಸ್ವಾಮಿ? ಅಲ್ಲಿ ಮೊದ್ಲಿಂದ್ಲೂ ತಗ್ಗೇಯ. ನಮ್ಮತ್ತೆ ಕಾಲ್ದಲ್ಲಿ ಅಲ್ಲಿ ನೀರ್ ನಿಂತ್ಕತಿತ್ತು. ಮೇಸ್ತ್ರಿ ಒಳ್ಳೇವ್ನು, ಆವಯ್ಯನ್ನ ಏನೂ ಅನ್ಬ್ಯಾಡಿ."

ಹೊತ್ತು ಬರೆದೆ, ಜಾಗ ಬರೆದೆ, ಕಾಲಿನ ವಿಷಯ ಬರೆದೆ. ಈ ಮಾತನ್ನು ಬರೆಯಲಿಲ್ಲ. ಕಾಗದದ ಕೆಳಗೆ ಆಕೆಯ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ. ಆ ಬೆರಳು ಜ್ವರಕ್ಕೆ ಸುಡುತ್ತಿತ್ತು. ಗೋಡೆ ಅಳೆಯದೆ ಹೋದದ್ದು ಸೋಮಾರಿತನ ಅನ್ನೋಣ. ಇದಕ್ಕೆ ನನಗೆ ಹೆಸರು ಸಿಕ್ಕಿಲ್ಲ.

ಪೆರುಮಾಳ್ ಮೇಸ್ತ್ರಿಯವರ ಹೆಸರನ್ನು ಕಚೇರಿಯ ಪಟ್ಟಿಯಿಂದ ಹೊಡೆದುಹಾಕಿದರು. ಯಾರೂ ಅವರಿಗೆ ಮನೆ ಕಟ್ಟಲು ಕೊಡಲಿಲ್ಲ. ಊರಿನ ಬಾಯಿಗೆ ಬೀಗ ಉಂಟೇ? ಮಣ್ಣುಗಳ್ಳ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡಿತು. ಕೆಂಪಮ್ಮ ಊರುಗೋಲು ಹಿಡಿದು ಓಡಾಡುತ್ತಾರೆಂದು ಕೇಳಿದೆ. ಆ ರಸ್ತೆಗೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ.

ನನಗೇನಾಯಿತು ಕೇಳಿ. ಆ ಪ್ರಕರಣದಿಂದ ಬುದ್ಧಿ ಕಲಿತ ಕಚೇರಿ ಹೊಸ ಫಾರಂ ಮಾಡಿತು. ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ಚೌಕ, ಪ್ರತಿಯೊಂದರ ಪಕ್ಕದಲ್ಲಿ ಓವರ್ಸಿಯರ್ ಸಹಿ, ಮೇಸ್ತ್ರಿ ಸಹಿ. ಅದನ್ನು ಬರೆಯುವ ಕೆಲಸ ನನಗೇ ಬಂತು. ಹೊಸಬರಿಗೆ ಕಲಿಸುವ ಕೆಲಸವೂ ನನಗೇ. ಅಡಿ ಅಂಗುಲ ಹೋಗಿ ಮೀಟರು ಬಂತು, ಬಟ್ಟೆಯ ಟೇಪು ಹೋಗಿ ಉಕ್ಕಿನ ಟೇಪು ಬಂತು, ಫಾರಂ ಮಾತ್ರ ಹಾಗೇ ಉಳಿಯಿತು. "ಹಿಂದಿನ ಮೂಲೆ ಮರೀಬೇಡಿ, ಕೆಸರಿದ್ರೂ ಇಳೀರಿ" ಎಂದು ನಾನು ಪಾಠ ಹೇಳುತ್ತಿದ್ದರೆ ಹೊಸಬರು ಬರೆದುಕೊಳ್ಳುತ್ತಿದ್ದರು. ಬದನೆಕಾಯಿ ತಿನ್ನಬೇಡಿ ಎನ್ನುವ ಪುರಾಣ ಕೇಳಿದ್ದೀರಲ್ಲ, ಅದೇ.

ಎಷ್ಟೋ ವರ್ಷದ ಮೇಲೆ ಹೊಸಕೆರೆಹಳ್ಳಿಯಲ್ಲಿ ಒಂದು ಕಟ್ಟಡ ನೋಡಲು ಹೋಗಿದ್ದೆ. ತಲೆಯ ಮೇಲೆ ಗಾರೆಯ ಬಾಣಲೆ ಹೊತ್ತು ಏಣಿ ಹತ್ತುತ್ತಿದ್ದ ಮುದುಕರೊಬ್ಬರು ನನ್ನನ್ನು ಕಂಡು ಇಳಿದರು. ಪೆರುಮಾಳ್. ಒಂದು ಕಾಲದಲ್ಲಿ ಅವರ ಕೈಕೆಳಗೆ ಕಲಿತವರ ಹತ್ತಿರವೇ ಕೂಲಿಗೆ ಇದ್ದರು.

"ಚೆನ್ನಾಗಿದೀರಾ ಸಾರ್?" ಎಂದರು.

ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಬೂಟು, ಪುಸ್ತಕ, ಕೆಂಪಮ್ಮನ ಮಾತು. ಅವರು ಬೈದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೈಗೆ ಅಂಟಿದ್ದ ಗಾರೆಯನ್ನು ಉಜ್ಜಿ ತೆಗೆಯುತ್ತಾ ಕೂತಿದ್ದರು.

"ಅವತ್ತು ನೀವೇ ಹೇಳ್ತೀರ ಅಂತ ನಾನು ಬಾಯಿ ಮುಚ್ಕೊಂಡಿದ್ದೆ ಸಾರ್" ಎಂದರು. ಆಮೇಲೆ, "ಒಂದು ಕಾಗದ ಬರ್ದುಕೊಡಿ. ಮೇಸ್ತ್ರಿ ಮಣ್ಣು ತೆಗೀಲಿಲ್ಲ ಅಂತ. ಆಫೀಸ್ಗೆ ಕೊಡಲ್ಲ, ಭಯ ಬ್ಯಾಡ. ಮನೇಲಿ ಮಗ್ಳು ಅವ್ಳೆ, ಸೆಲ್ವಿ. ಕೇರಿಯವ್ರು ಮಣ್ಣುಗಳ್ಳನ ಮಗ್ಳು ಅಂತ ಕರೀತಾರೆ. ಅವ್ಳ ಕೈಲಿ ಇರ್ಲಿ" ಎಂದರು.

"ಬರ್ಕೊಡ್ತೀನಿ" ಎಂದೆ.

ಆಗ ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಕಾಗದ ಬರೆದೆ, ಹರಿದೆ. ಮತ್ತೆ ಬರೆದೆ, ಪೆಟ್ಟಿಗೆಯಲ್ಲಿಟ್ಟೆ, ಹರಿದೆ. ಅದು ಯಾರ ಕೈಗಾದರೂ ಸಿಕ್ಕಿ ಪಿಂಚಣಿ ನಿಂತರೆ, ಕೊನೆಗಾಲದಲ್ಲಿ ಮಾನ ಹೋದರೆ? ನನ್ನ ಮಾನದ ಲೆಕ್ಕ ಹಾಕುತ್ತಾ ಅವರ ಮಾನವನ್ನು ಮೂರು ವರ್ಷ ಕಾಯಿಸಿದೆ. ನಿವೃತ್ತಿಯ ಕಾಗದಗಳೆಲ್ಲ ಕೈಗೆ ಬಂದ ಮೇಲೆಯೇ ನನಗೆ ಧೈರ್ಯ ಬಂದದ್ದು. ಅದನ್ನು ಧೈರ್ಯ ಅನ್ನುವುದಾದರೆ. ಒಂದು ಪ್ರತಿಯನ್ನು ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಸುದ್ದಗುಂಟೆಪಾಳ್ಯಕ್ಕೆ ಹೋದೆ.

ಬೆಳಗ್ಗೆ ನೀರು ಬರುವ ಹೊತ್ತು. ಬೀದಿಯ ನಲ್ಲಿಯ ಮುಂದೆ ಹೆಂಗಸರು ಕೊಡ ಇಟ್ಟುಕೊಂಡು ಸಾಲು ನಿಂತಿದ್ದರು. ಪೆರುಮಾಳ್ ಮೇಸ್ತ್ರಿಯವರ ಮನೆ ಯಾವುದೆಂದು ಕೇಳಿದೆ. ಒಬ್ಬಾಕೆ, "ಮಣ್ಣುಗಳ್ಳ ಮೇಸ್ತ್ರಿನಾ?" ಎಂದು ಸಹಜವಾಗಿ ಕೇಳಿ, ನಲ್ಲಿಗೆ ಕೊಡ ಹಿಡಿದಿದ್ದ ಹೆಂಗಸಿನ ಕಡೆ ಕೈ ತೋರಿಸಿದಳು. ಅವರೇ ಸೆಲ್ವಿ. ವಯಸ್ಸು ಮೂವತ್ತರ ಹತ್ತಿರ.

"ಅಪ್ಪ ಹೋದ ಕಾರ್ತೀಕದಲ್ಲಿ ತೀರ್ಕೊಂಡ್ರು" ಎಂದರು.

ನಾನು ಯಾರೆಂದು ಹೇಳಿ, ನಿಮ್ಮಪ್ಪ ಕೇಳಿದ್ದ ಕಾಗದ ತಂದಿದ್ದೇನೆ ಎಂದು ಮುಂದೆ ಹಿಡಿದೆ. ಸೆಲ್ವಿ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು.

"ನಂಗೆ ಓದೋಕ್ ಬರಲ್ಲ. ನೀವೇ ಓದಿ."

"ಮನೆ ಒಳಗೆ ಕೂತು ಓದ್ಲಾ ಅಮ್ಮಾ?"

"ಇಲ್ಲೇ ಓದಿ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಕನ್ನಡಕ ಹಾಕಿಕೊಂಡು ಮೆಲ್ಲಗೆ ಓದಿದೆ. "ಆ ಮನೆಯ ಹಿಂದಿನ ನೆಲ ಮೊದಲಿನಿಂದಲೂ ತಗ್ಗಾಗಿತ್ತು. ಪೆರುಮಾಳ್ ಮೇಸ್ತ್ರಿಯವರು ಅಲ್ಲಿಂದ ಮಣ್ಣು ತೆಗೆಯಲಿಲ್ಲ. ಹಿಂದಿನ ಗೋಡೆಯನ್ನು ಅಳೆಯಿರಿ ಎಂದು ಅವರು ನನಗೆ ಹೇಳಿದ್ದರು. ನಾನು ಅಳೆಯಲಿಲ್ಲ. ಅಳೆದೆನೆಂದು ಬರೆದೆ. ಗೋಡೆ ಬಿದ್ದದ್ದು ನನ್ನ ತಪ್ಪಿನಿಂದ."

ಸೆಲ್ವಿ ಬಗ್ಗಿ ನಲ್ಲಿ ನಿಲ್ಲಿಸಿದರು. ನೀರಿನ ಸದ್ದು ನಿಂತಿತು.

"ಇನ್ನೊಂದ್ಸಲ ಓದಿ" ಎಂದರು. "ಹಿಂದೆ ನಿಂತಿರೋರ್ಗೆ ಕೇಳಿಸ್ಲಿಲ್ಲ."

ನಾನು ಜೋರಾಗಿ ಓದಿದೆ.